ಹಳೆಯ ಸ್ಪೋರ್ಟ್ಸ್ ಕಾರುಗಳ ಗಾಲಿ: ಅಳತೆಯ ಆಯ್ಕೆ ಮತ್ತು ಇತಿಹಾಸದ ಸಾಕ್ಷ್ಯ

೧. ವಿಷಯ ಪ್ರವೇಶ

ಶಾಸನ, ಕಡತ, ನಾಣ್ಯ, ದೇವಾಲಯ ಇವು ಇತಿಹಾಸಕಾರನ ಆಕರಗಳೆಂಬುದನ್ನು ನಾವು ತರಗತಿಯಲ್ಲಿ ಮೊದಲ ದಿನವೇ ಹೇಳುತ್ತೇವೆ. ಇಪ್ಪತ್ತನೆಯ ಶತಮಾನದ ಚರಿತ್ರೆಯನ್ನು ಬರೆಯಲು ಹೊರಟವನಿಗೆ ಇವುಗಳ ಜೊತೆಗೆ ಯಂತ್ರಗಳೂ ಆಕರಗಳೇ ಆಗುತ್ತವೆ. ಆದರೆ ಯಂತ್ರವನ್ನು ಓದುವ ಅಭ್ಯಾಸ ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ಶಾಸನದ ಒಂದು ಅಕ್ಷರ ಸವೆದರೂ ಮರುಗುವ ನಾವು, ಅರುವತ್ತು ವರ್ಷ ಹಳೆಯದಾದ ಮೋಟಾರು ಕಾರಿನ ನಾಲ್ಕು ಗಾಲಿಗಳು ಗುಜರಿಯ ತಕ್ಕಡಿಗೆ ಹೋಗುವುದನ್ನು ಕಂಡು ಮರುಗುವುದಿಲ್ಲ.

ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ದುರಸ್ತಿ ಮಾಡಿ ಇಟ್ಟುಕೊಳ್ಳುವ ಹವ್ಯಾಸ ಬೆಂಗಳೂರಿನಲ್ಲಿ ಈಚಿನ ದಶಕಗಳಲ್ಲಿ ಹೆಚ್ಚಿದೆ. ಇಂಥ ಕಾರಿಗೆ ಬೇರೆ ಗಾಲಿ ಹಾಕಿಸುವಾಗ ಎಷ್ಟು ಅಂಗುಲದ ಗಾಲಿ, ಎಷ್ಟು ಅಗಲದ ರಿಮ್ಮು, ಎಷ್ಟು ಆಫ್‌ಸೆಟ್ ಎಂಬ ಪ್ರಶ್ನೆಗಳು ಏಳುತ್ತವೆ. ಇವು ಮೆಕ್ಯಾನಿಕ್ಕನ ಪ್ರಶ್ನೆಗಳೆಂದು ತೋರುತ್ತವೆ. ಇವುಗಳ ಹಿಂದೆ ಒಂದು ಚಾರಿತ್ರಿಕ ಪ್ರಶ್ನೆಯೂ ಇದೆಯೆಂಬುದನ್ನೂ, ಎರಡಕ್ಕೂ ಒಟ್ಟಿಗೆ ಉತ್ತರ ಹೇಳದೆ ಒಂದಕ್ಕೆ ಸರಿಯಾದ ಉತ್ತರ ದೊರೆಯಲಾರದೆಂಬುದನ್ನೂ ತೋರಿಸುವುದು ಈ ಲೇಖನದ ಉದ್ದೇಶ.

೨. ಗಾಡಿಯ ಗಾಲಿಯಿಂದ ಕಾರಿನ ಗಾಲಿಗೆ

ಗಾಲಿಯ ಅಳತೆಯ ವಿಚಾರ ನಮ್ಮ ನಾಡಿಗೆ ಹೊಸದಲ್ಲ. ಎತ್ತಿನ ಗಾಡಿಯ ಗಾಲಿಗೆ ಗುಂಬ, ಆರೆ, ಹಳಿ ಎಂಬ ಅಂಗಗಳಿವೆ. ಗಾಲಿ ಅಚ್ಚಿನಿಂದ ಕಳಚದಂತೆ ಕಡೆಗೀಲು ಕಾಯುತ್ತದೆ. ಎರಡು ಗಾಲಿಗಳ ನಡುವಿನ ಅಂತರವನ್ನು ಬಡಗಿ ತನ್ನ ಮನಸ್ಸಿಗೆ ಬಂದಂತೆ ಇಡುವಂತಿರಲಿಲ್ಲ. ಮಣ್ಣಿನ ದಾರಿಯಲ್ಲಿ ಹಿಂದಿನ ಗಾಡಿಗಳು ಕೊರೆದ ಜಾಡು ಇರುತ್ತಿತ್ತು. ಜಾಡಿಗೆ ಹೊಂದದ ಗಾಡಿಯ ಒಂದು ಗಾಲಿ ಹಳ್ಳದಲ್ಲಿಯೂ ಇನ್ನೊಂದು ದಿಣ್ಣೆಯ ಮೇಲೆಯೂ ಓಡಿ ಅಚ್ಚು ಮುರಿಯುತ್ತಿತ್ತು. ಯುರೋಪಿನ ಗಾಡಿ ಬಡಗಿಗಳು ಆರೆಗಳನ್ನು ನೇರವಾಗಿ ನಿಲ್ಲಿಸದೆ ಬಟ್ಟಲಿನಂತೆ ಓರೆಯಾಗಿ ಕೂಡಿಸುತ್ತಿದ್ದರು. ಪಕ್ಕದಿಂದ ಬೀಳುವ ಒತ್ತಡವನ್ನು ಗಾಲಿ ತಾಳಲೆಂಬುದೇ ಇದರ ಕಾರಣ. ಗುಂಬ ಒಂದು ಸಮತಲದಲ್ಲಿ, ಹಳಿ ಇನ್ನೊಂದು ಸಮತಲದಲ್ಲಿ ಇರುವ ಈ ರಚನೆಯಲ್ಲಿ ಇಂದಿನ ಆಫ್‌ಸೆಟ್ಟಿನ ಮೂಲ ಕಲ್ಪನೆಯನ್ನು ಕಾಣಬಹುದು.

ಇಪ್ಪತ್ತನೆಯ ಶತಮಾನದಲ್ಲಿ ಕಬ್ಬಿಣದ ಹಳಿಯ ಗಾಲಿಯನ್ನು ಬಿಚ್ಚಿ ರಬ್ಬರಿನ ಟೈರು ಗಾಲಿಯನ್ನು ಎತ್ತಿನ ಗಾಡಿಗೆ ಹಾಕುವ ಪದ್ಧತಿ ಬಂದಿತು. ಮಂಡ್ಯದ ಕಡೆಯ ಕಬ್ಬಿನ ಗಾಡಿಗಳನ್ನು ನೋಡಿದವರಿಗೆ ‘ಟೈರು ಗಾಡಿ’ ಎಂಬ ಮಾತು ಪರಿಚಿತ. ತಯಾರಕನು ಕೊಟ್ಟ ಗಾಲಿಯನ್ನು ತೆಗೆದು ಪೇಟೆಯಲ್ಲಿ ದೊರೆತ ಬೇರೆ ಗಾಲಿಯನ್ನು ಹಾಕಿಕೊಳ್ಳುವ ಕ್ರಮವನ್ನು ನಮ್ಮ ರೈತರು ಕಾರುಗಳ ಹವ್ಯಾಸಿಗಳಿಗಿಂತ ಬಹಳ ಮುಂಚೆಯೇ ಅರಿತಿದ್ದರು.

ಮೋಟಾರು ಕಾರಿನ ಗಾಲಿಯ ಬೆಳವಣಿಗೆಯನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು. ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಹಕ್ಕುಪತ್ರ ಪಡೆದುದು 1888ರಲ್ಲಿ. ಮುಂದಿನ ಶತಮಾನದ ಮೊದಲ ದಶಕದಲ್ಲಿ ಇಂಗ್ಲೆಂಡಿನ ರಡ್ಜ್-ವಿಟ್‌ವರ್ತ್ ಸಂಸ್ಥೆಯವರು, ನಡುವಿನ ಒಂದೇ ಮರೆಯನ್ನು ಬಿಚ್ಚಿ ಪೂರ್ತಿ ಗಾಲಿಯನ್ನು ಕಳಚಬಹುದಾದ ತಂತಿ ಗಾಲಿಯನ್ನು ರೂಪಿಸಿದರು. ಮುಂದಿನ ಅರ್ಧ ಶತಮಾನ ಸ್ಪೋರ್ಟ್ಸ್ ಕಾರೆಂದರೆ ತಂತಿ ಗಾಲಿ ಎಂಬ ಭಾವನೆ ಬೇರೂರಿತು. 1924ರಲ್ಲಿ ಬುಗಾಟಿಯ 35ನೆಯ ಮಾದರಿ ಎರಕದ ಅಲ್ಯೂಮಿನಿಯಂ ಗಾಲಿಗಳೊಡನೆ ಪಂದ್ಯಕ್ಕಿಳಿಯಿತು. 1954ರಲ್ಲಿ ಜಾಗ್ವಾರ್ ಡಿ-ಟೈಪ್ ಕಾರು ತಂತಿ ಗಾಲಿಯನ್ನು ಬಿಟ್ಟು ಡನ್‌ಲಪ್ಪಿನ ಹಗುರ ಮಿಶ್ರಲೋಹದ ತಟ್ಟೆ ಗಾಲಿಯನ್ನು ಧರಿಸಿತು. 1959ರಲ್ಲಿ ಹೊರಬಂದ ಮಿನಿ ಕಾರಿಗಾಗಿ ಅದರ ವಿನ್ಯಾಸಕ ಅಲೆಕ್ ಇಸಿಗೋನಿಸ್ ಕೇವಲ ಹತ್ತು ಅಂಗುಲದ ಗಾಲಿಯನ್ನು ಆರಿಸಿದನು. ಅದೇ ಮಿನಿಯ ಪಂದ್ಯದ ಗಾಡಿಗಳಿಗಾಗಿ 1960ರ ದಶಕದಲ್ಲಿ ಮೆಗ್ನೀಸಿಯಂ ಲೋಹದ ಎಂಟು ಆರೆಗಳ ‘ಮಿನಿಲೈಟ್’ ಗಾಲಿಗಳು ಬಂದುವು. ಇಂದು ಹಳೆಯ ಕಾರಿಗೆ ಪೇಟೆಯಲ್ಲಿ ದೊರೆಯುವ ಅಲಾಯ್ ಗಾಲಿಗಳಲ್ಲಿ ಬಹುಪಾಲು ಈ ಮಾದರಿಯ ಅನುಕರಣೆಗಳು.

೩. ಭಾರತದ ಸಂದರ್ಭ ಮತ್ತು ಬೆಂಗಳೂರಿನ ಪಶ್ಚಿಮ ಭಾಗ

ಇಂಗ್ಲೆಂಡಿನಲ್ಲಿ ಗಾಲಿಯ ಬದಲಾವಣೆ ವೇಗದ ಆಸೆಯಿಂದ ನಡೆಯಿತು. ಭಾರತದಲ್ಲಿ ಅದು ಬಹುಮಟ್ಟಿಗೆ ಅಭಾವದಿಂದ ನಡೆಯಿತು. ಈ ಭೇದವನ್ನು ಮರೆತರೆ ನಮ್ಮ ಹಳೆಯ ಕಾರುಗಳು ಅರ್ಥವಾಗುವುದಿಲ್ಲ.

ಸ್ವಾತಂತ್ರ್ಯ ಬಂದ ಕೆಲವೇ ವರ್ಷಗಳಲ್ಲಿ ಪೂರ್ಣವಾಗಿ ಜೋಡಿಸಿದ ಕಾರುಗಳ ಆಮದಿಗೆ ತಡೆ ಬಿದ್ದಿತು. 1953ರ ಸುಂಕ ಆಯೋಗದ ವರದಿಯ ತರುವಾಯ, ದೇಶದೊಳಗೆ ಕ್ರಮೇಣ ಎಲ್ಲ ಭಾಗಗಳನ್ನೂ ತಯಾರಿಸುವ ಯೋಜನೆಯಿಲ್ಲದ ಕಂಪನಿಗಳಿಗೆ ಇಲ್ಲಿ ಸ್ಥಾನವಿಲ್ಲವಾಯಿತು. ಕಾರುಗಳನ್ನು ಜೋಡಿಸಿ ಮಾರುತ್ತಿದ್ದ ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಸಂಸ್ಥೆಗಳು ಹಿಂದೆ ಸರಿದುವು. ಉಳಿದವು ಮುಖ್ಯವಾಗಿ ಮೂರು: ಉತ್ತರಪಾರಾದ ಹಿಂದೂಸ್ತಾನ್ ಮೋಟಾರ್ಸ್, ಮುಂಬಯಿಯ ಪ್ರೀಮಿಯರ್ ಆಟೋಮೊಬೈಲ್ಸ್, ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್. ಹೀಗಾಗಿ ಕೆಲವು ದಶಕಗಳ ಕಾಲ ಭಾರತದಲ್ಲಿ ಕಾರಿನ ಗಾಲಿ ಎಂದರೆ ಅಂಬಾಸಿಡರಿನ 15 ಅಂಗುಲದ ಗಾಲಿ, ಫಿಯೆಟ್ 1100ರ 14 ಅಂಗುಲದ ಗಾಲಿ, ಸ್ಟ್ಯಾಂಡರ್ಡ್ ಹೆರಾಲ್ಡಿನ 13 ಅಂಗುಲದ ಗಾಲಿ ಎಂಬಷ್ಟಕ್ಕೆ ಪ್ರಪಂಚ ಸೀಮಿತವಾಯಿತು. ಟೈರಿನ ಸ್ಥಿತಿಯೂ ಇದೇ. 1936ರಲ್ಲಿ ಬಂಗಾಳದ ಸಾಹಾಗಂಜಿನಲ್ಲಿ ಡನ್‌ಲಪ್ ಕಾರ್ಖಾನೆ ಆರಂಭವಾಗಿತ್ತು. ಮುಂದೆ ಮದರಾಸಿನ ಸುತ್ತ ಟೈರು ಮತ್ತು ಗಾಲಿಗಳ ಉದ್ಯಮ ಬೆಳೆಯಿತು. ನಮ್ಮ ಮೈಸೂರಿನಲ್ಲಿ ವಿಕ್ರಾಂತ್ ಟೈರ್ಸ್ ಸ್ಥಾಪನೆಯಾಯಿತು. ಈ ಕಾರ್ಖಾನೆಗಳು ತಯಾರಿಸಿದ್ದು ದೇಶದ ರಸ್ತೆಯಲ್ಲಿ ಹೆಚ್ಚಾಗಿ ಓಡುವ ಗಾಡಿಗಳ ಅಳತೆಗಳನ್ನು. ಎಂ.ಜಿ. ಟಿ.ಸಿ. ಕಾರಿನ 19 ಅಂಗುಲದ ತಂತಿ ಗಾಲಿಗೆ ಟೈರು ಬೇಕೆಂದರೆ ಅದರ ಒಡೆಯ ಎಲ್ಲಿಗೆ ಹೋಗಬೇಕು?

ಹೀಗಿರಲು, ರಾಜರ ಲಾಯಗಳಿಂದಲೋ, ತೋಟದ ದೊರೆಗಳಿಂದಲೋ, ವಿದೇಶೀ ರಾಯಭಾರ ಕಚೇರಿಗಳಿಂದಲೋ, ಹೊರದೇಶದಲ್ಲಿ ನೆಲೆಸಿ ಮರಳಿದವರಿಂದಲೋ ಇಲ್ಲಿ ಉಳಿದ ಬೆರಳೆಣಿಕೆಯ ಸ್ಪೋರ್ಟ್ಸ್ ಕಾರುಗಳು ಓಡುತ್ತಿರಬೇಕಾದರೆ, ಇರುವ ಗಾಲಿಯನ್ನು ಹೊಂದಿಸಿಕೊಳ್ಳದೆ ಗತ್ಯಂತರವಿರಲಿಲ್ಲ. ಹೊಂದಿಸುವವರು ಯಾರು? ಇಲ್ಲಿ ಬೆಂಗಳೂರಿನ ಪಶ್ಚಿಮ ಭಾಗ ಚಿತ್ರದೊಳಕ್ಕೆ ಬರುತ್ತದೆ. ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರ ಹೆಸರನ್ನು ಹೊತ್ತ ರಾಜಾಜಿನಗರವು ಹುಟ್ಟಿದ್ದು ಕೈಗಾರಿಕಾ ಉಪನಗರವಾಗಿ. ನಗರದ ಇತರ ದಿಕ್ಕುಗಳಲ್ಲಿ ಎಚ್.ಎ.ಎಲ್., ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್.ಗಳಂಥ ದೊಡ್ಡ ಸರ್ಕಾರಿ ಕಾರ್ಖಾನೆಗಳು ತಲೆಯೆತ್ತಿದರೆ, ರಾಜಾಜಿನಗರದ ಅಂಚಿನಿಂದ ಕಾಮಾಕ್ಷಿಪಾಳ್ಯದವರೆಗೆ ಸಣ್ಣ ಲೇತ್ ಅಂಗಡಿಗಳು, ಎರಕದ ಮನೆಗಳು, ವೆಲ್ಡಿಂಗ್ ಶೆಡ್ಡುಗಳು ಸಾಲುಗಟ್ಟಿದುವು. ಸಾವಿರಾರು ಮೈಲಿ ದೂರದ ಕಾರ್ಖಾನೆ ಮಾಡಬೇಕಾದ ಕೆಲಸವನ್ನು ಇಲ್ಲಿಯ ಟರ್ನರು ಒಂದು ಲೇತು, ಒಂದು ವರ್ನಿಯರ್ ಇವುಗಳ ಬಲದಿಂದ ಮಾಡಿಕೊಟ್ಟನು. ಆತನ ಕೈಗುರುತು ನಮ್ಮ ಹಳೆಯ ಕಾರುಗಳ ಗುಂಬದಲ್ಲಿ, ಸ್ಟಡ್ಡಿನಲ್ಲಿ, ಗಾಲಿಯ ತೂತಿನಲ್ಲಿ ಉಳಿದಿದೆ. ಆ ಕೆಲಸಕ್ಕೆ ರಸೀತಿಗಳಿಲ್ಲ, ಲೆಕ್ಕದ ಪುಸ್ತಕಗಳೂ ಉಳಿದಿಲ್ಲ. ಲೋಹವೊಂದೇ ದಾಖಲೆ.

೪. ಆಯ್ಕೆಯ ತತ್ತ್ವಗಳು

ಈಗ ಅಳತೆಯ ವಿಚಾರಕ್ಕೆ ಬರೋಣ. ಬದಲಿ ಗಾಲಿಯನ್ನು ಆರಿಸುವಾಗ ಐದು ಅಂಶಗಳನ್ನು ಗಮನಿಸಬೇಕು.

ಮೊದಲನೆಯದು ವ್ಯಾಸ. ರಿಮ್ಮಿನ ವ್ಯಾಸಕ್ಕಿಂತ ಟೈರು ಸೇರಿದ ಒಟ್ಟು ವ್ಯಾಸ ಮುಖ್ಯ. 1960ರ ದಶಕದ ಎಂ.ಜಿ.ಬಿ. ಜಿ.ಟಿ. ಕಾರಿನ 14 ಅಂಗುಲದ ಗಾಲಿಗೆ 165 ಮಿಲಿಮೀಟರ್ ಅಗಲದ, ಎಂಬತ್ತರ ಶ್ರೇಣಿಯ ಟೈರು ಹಾಕಿದರೆ ಒಟ್ಟು ವ್ಯಾಸ ಸುಮಾರು 620 ಮಿಲಿಮೀಟರ್. ಒಡೆಯನು 15 ಅಂಗುಲದ ಗಾಲಿಯನ್ನು ಬಯಸಿದರೆ 185ರ ಅಗಲದ, ಅರುವತ್ತೈದರ ಶ್ರೇಣಿಯ ಟೈರು ಸುಮಾರು 621 ಮಿಲಿಮೀಟರ್ ಕೊಡುತ್ತದೆ, ವ್ಯತ್ಯಾಸ ನಗಣ್ಯ. ಹಾಗಲ್ಲದೆ 15 ಅಂಗುಲದ ಗಾಲಿಗೂ 165ರ ಎಂಬತ್ತರ ಶ್ರೇಣಿಯನ್ನೇ ಹಾಕಿದರೆ ಒಟ್ಟು ವ್ಯಾಸ 645 ಮಿಲಿಮೀಟರಿಗೆ ಏರುತ್ತದೆ. ವೇಗಮಾಪಕ ಗಂಟೆಗೆ 60 ಮೈಲಿ ತೋರಿಸುವಾಗ ಕಾರು ನಿಜವಾಗಿ 62 ಮೈಲಿಗೂ ಮೀರಿ ಓಡುತ್ತಿರುತ್ತದೆ. ಗೇರುಗಳ ಅನುಪಾತವೂ ಅಷ್ಟೇ ಕೆಡುತ್ತದೆ.

ಎರಡನೆಯದು ರಿಮ್ಮಿನ ಅಗಲ. ಹೆರಾಲ್ಡಿನ ಹಳೆಯ ಉಕ್ಕಿನ ಗಾಲಿ ಮೂರೂವರೆ ಅಂಗುಲ ಅಗಲದ್ದು. ಅದಕ್ಕೆ 145 ಮಿಲಿಮೀಟರಿನ ಟೈರು ಸಲ್ಲುತ್ತದೆ. ಅಗಲವಾಗಿ ಕಾಣಲೆಂದು 175ರ ಟೈರನ್ನು ತುರುಕಿದರೆ ಅದರ ಪಕ್ಕಗಳು ಒಳಕ್ಕೆ ಬಾಗಿ, ತಿರುವಿನಲ್ಲಿ ಹೊಯ್ದಾಡುತ್ತವೆ. ಹಳೆಯ ರಿಮ್ಮುಗಳು ಟ್ಯೂಬಿನ ಟೈರಿಗಾಗಿ ಮಾಡಿದವು, ತಂತಿ ಗಾಲಿಯಲ್ಲಿ ಆರೆಗಳ ತೂತುಗಳೂ ಇರುತ್ತವೆ. ಇವುಗಳಲ್ಲಿ ಟ್ಯೂಬನ್ನು ಬಿಡಬಾರದು.

ಮೂರನೆಯದು ಬೋಲ್ಟುಗಳ ವೃತ್ತ. ಹೆರಾಲ್ಡಿನಲ್ಲಿ ನಾಲ್ಕು ಸ್ಟಡ್ಡುಗಳು 95.25 ಮಿಲಿಮೀಟರ್, ಎಂದರೆ ಮೂರೂ ಮುಕ್ಕಾಲು ಅಂಗುಲದ ವೃತ್ತದ ಮೇಲಿವೆ. ಫಿಯೆಟ್ 1100ರಲ್ಲಿ ಈ ವೃತ್ತ 98 ಮಿಲಿಮೀಟರ್. ಕಣ್ಣಿಗೆ ಎರಡೂ ಒಂದೇ. ಕೈಯಿಂದ ಒತ್ತಿದರೆ ಹೆಚ್ಚುಕಡಮೆ ಕೂತಂತೆಯೂ ತೋರುತ್ತದೆ. ಆದರೆ ಪ್ರತಿಯೊಂದು ತೂತೂ ತನ್ನ ಸ್ಥಾನದಿಂದ 1.4 ಮಿಲಿಮೀಟರಿನಷ್ಟು ದೂರ ಸರಿದಿರುತ್ತದೆ. ನಟ್ಟಿನ ಶಂಕುವಿನಾಕಾರದ ಮೂತಿ ಪೂರ್ಣವಾಗಿ ಕೂರದೆ, ಓಡಾಟದಲ್ಲಿ ಸ್ಟಡ್ಡು ಸಡಿಲವಾಗಿ ಕೊನೆಗೆ ಮುರಿಯುತ್ತದೆ.

ನಾಲ್ಕನೆಯದು ಗಾಲಿಯ ನಡುವಿನ ರಂಧ್ರ. ಅದು ಗುಂಬಕ್ಕೆ ಹೊಂದಬೇಕು. ಚಿಕ್ಕದಾದರೆ ಗಾಲಿ ಕೂರುವುದಿಲ್ಲ, ದೊಡ್ಡದಾದರೆ ಎಲ್ಲ ಭಾರವೂ ಸ್ಟಡ್ಡುಗಳ ಮೇಲೆಯೇ ಬೀಳುತ್ತದೆ.

ಐದನೆಯದೂ ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಗುರಿಯಾದುದೂ ಆಫ್‌ಸೆಟ್. ರಿಮ್ಮಿನ ಅಗಲದ ನಡುಗೆರೆಗೂ, ಗಾಲಿಯು ಗುಂಬಕ್ಕೆ ಒತ್ತಿಕೊಳ್ಳುವ ಮುಖಕ್ಕೂ ಇರುವ ಅಂತರವೇ ಆಫ್‌ಸೆಟ್. ಒತ್ತುವ ಮುಖವು ನಡುಗೆರೆಯಿಂದ ಹೊರಗಡೆಗಿದ್ದರೆ ಅದು ಧನ, ಒಳಗಡೆಗಿದ್ದರೆ ಋಣ. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಐದು ಅಂಗುಲ ಅಗಲದ, ಧನ 20 ಮಿಲಿಮೀಟರ್ ಆಫ್‌ಸೆಟ್ಟಿನ ಗಾಲಿಯಲ್ಲಿ ಒತ್ತುವ ಮುಖದಿಂದ ಹೊರಗಿನ ಅಂಚಿಗೆ 43.5 ಮಿಲಿಮೀಟರ್, ಒಳಗಿನ ಅಂಚಿಗೆ 83.5 ಮಿಲಿಮೀಟರ್ ಇರುತ್ತದೆ. ಇದರ ಬದಲು ಆರು ಅಂಗುಲ ಅಗಲದ, ಶೂನ್ಯ ಆಫ್‌ಸೆಟ್ಟಿನ ಗಾಲಿ ಹಾಕಿದರೆ ಎರಡು ಕಡೆಗೂ 76.2 ಮಿಲಿಮೀಟರ್. ಹೊರಗಿನ ಅಂಚು ಸುಮಾರು 33 ಮಿಲಿಮೀಟರ್ ಹೊರಕ್ಕೆ ಬಂದಿತು. ಅಗಲ ಹೆಚ್ಚಿದ್ದು ಒಂದೇ ಅಂಗುಲವಾದರೂ ಮಡ್‌ಗಾರ್ಡಿಗೆ ಟೈರು ಉಜ್ಜತೊಡಗುತ್ತದೆ. ಇದಕ್ಕಿಂತ ಗಂಭೀರವಾದುದು ಕಣ್ಣಿಗೆ ಕಾಣದ ಪರಿಣಾಮ. ಭಾರ ನೆಲಕ್ಕೆ ತಾಗುವ ಬಿಂದು 20 ಮಿಲಿಮೀಟರಿನಷ್ಟು ಹೊರಗೆ ಸರಿದು, ಗಾಲಿಯ ಬೇರಿಂಗಿನ ಮೇಲೂ ಸ್ಟಿಯರಿಂಗಿನ ಕೀಲುಗಳ ಮೇಲೂ ಬೀಳುವ ಒತ್ತಡ ಹೆಚ್ಚುತ್ತದೆ.

ಈಚಿನ ಮುಂಗಾಲಿ ಚಾಲನೆಯ ಕಾರುಗಳ ಗಾಲಿಗಳಿಗೆ ಧನ ಆಫ್‌ಸೆಟ್ ಬಹಳ ಹೆಚ್ಚು. ಹಳೆಯ ಹಿಂಗಾಲಿ ಚಾಲನೆಯ ಕಾರುಗಳಿಗೆ ಕಡಮೆ. ಎಂ.ಜಿ.ಬಿ.ಯ ತಟ್ಟೆ ಗಾಲಿಯ ಬೋಲ್ಟು ವೃತ್ತ 114.3 ಮಿಲಿಮೀಟರ್. ಇದೇ ವೃತ್ತ ಹಲವು ಜಪಾನೀ ಮೂಲದ ಕಾರುಗಳಲ್ಲಿಯೂ ಇದೆಯೆಂದು ಗಾಲಿಯನ್ನು ತಂದು ಹಾಕಿದವರು, ಬೋಲ್ಟು ಕೂತರೂ ಗಾಲಿಯು ಒಳಗಿನ ಭಾಗಗಳಿಗೆ ತಾಗುವುದನ್ನು ಕಂಡು ಬೆರಗಾಗುತ್ತಾರೆ.

೫. ಒಂದು ಪ್ರತ್ಯಕ್ಷ ನಿದರ್ಶನ

ಈ ವಿಷಯ ನನ್ನ ಗಮನಕ್ಕೆ ಬಂದುದು ಪುಸ್ತಕದಿಂದಲ್ಲ. ರಾಜಾಜಿನಗರದ ಸಣ್ಣ ಕೈಗಾರಿಕೆಗಳ ಬಗ್ಗೆ ಮಾಹಿತಿ ಕೂಡಿಸುತ್ತ ಕಾಮಾಕ್ಷಿಪಾಳ್ಯದ ಒಂದು ಹಳೆಯ ಲೇತ್ ಅಂಗಡಿಗೆ ಹೋಗಿದ್ದಾಗ, ಅಂಗಳದಲ್ಲಿ 1960ರ ದಶಕದ ಟ್ರಯಂಫ್ ಸ್ಪಿಟ್‌ಫೈರ್ ಕಾರೊಂದು ಮರದ ದಿಮ್ಮಿಗಳ ಮೇಲೆ ನಿಂತಿತ್ತು. ಒಡೆಯರು ಹದಿನೈದು ಅಂಗುಲದ ಹೊಳೆಯುವ ಅಲಾಯ್ ಗಾಲಿಗಳನ್ನು ತಂದಿಟ್ಟಿದ್ದರು. ಹಳೆಯ ಐದು ಉಕ್ಕಿನ ಗಾಲಿಗಳು ಗುಜರಿಗೆ ಹೋಗಲು ಗೋಡೆಗೆ ಒರಗಿದ್ದುವು.

ಸ್ಪಿಟ್‌ಫೈರ್ 1962ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಕಾರು. ಅದರ ಚೌಕಟ್ಟು ಟ್ರಯಂಫ್ ಹೆರಾಲ್ಡಿನಿಂದ ಬಂದದ್ದು. ಅದೇ ಹೆರಾಲ್ಡನ್ನು 1961ರಿಂದ ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಿಂದ ತಯಾರಿಸಿದರು. ಹೀಗಾಗಿ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರಿಗೂ ಮದರಾಸಿನ ಸಂಸಾರಸ್ಥರ ಕಾರಿಗೂ ಗಾಲಿಯ ಸ್ಟಡ್ಡು ವೃತ್ತ ಒಂದೇ. ಒಡೆಯರ ತಂದೆಯವರು 1970ರ ದಶಕದಲ್ಲಿ ಒಡೆದು ಮಾರಿದ ಹೆರಾಲ್ಡೊಂದರಿಂದ ನಾಲ್ಕು ಗಾಲಿಗಳನ್ನು ಕೊಂಡಿದ್ದರೆಂಬುದು ಮನೆಯವರ ನೆನಪು. ಐದನೆಯದು, ಹೆಚ್ಚುವರಿ ಗಾಲಿ, ಫಿಯೆಟ್ಟಿನದು. ಅದರ ತೂತುಗಳನ್ನು ಅರದಿಂದ ಉಜ್ಜಿ ಒಳಮುಖವಾಗಿ ಹಿಗ್ಗಿಸಲಾಗಿತ್ತು. ಮೇಲೆ ಹೇಳಿದ 95.25 ಮತ್ತು 98ರ ನಡುವಿನ ಕಂದರವನ್ನು ಯಾರೋ ಒಬ್ಬ ಕುಶಲನು ಕೈಯಾರೆ ದಾಟಿದ್ದನು.

ಅಂಗಡಿಯ ಹಿರಿಯ ಟರ್ನರು ಆ ಗಾಲಿಯನ್ನು ತಿರುಗಿಸಿ ನೋಡಿ ಹೇಳಿದರು: “ಸಾರ್, ಬೋಲ್ಟು ಕೂತರೆ ಸಾಲದು, ಗಾಲಿ ಕೂರಬೇಕು. ಇದನ್ನು ಹಾಕಿಕೊಂಡು ಓಡಿಸಿದವರು ಪುಣ್ಯವಂತರು.” ಹೊಸ ಅಲಾಯ್ ಗಾಲಿಗಳನ್ನು ಅಳೆದಾಗ ಅವುಗಳ ಆಫ್‌ಸೆಟ್ಟೂ ಈ ಕಾರಿಗೆ ಒಗ್ಗುವಂಥದಲ್ಲವೆಂದು ತಿಳಿಯಿತು. ಸ್ಪಿಟ್‌ಫೈರಿನ ಮುಂಗಾಲಿ ಕಂಚಿನ ಕೀಲಿನ ಮೇಲೆ ತಿರುಗುತ್ತದೆ. ಹಿಂದಿನ ಅಚ್ಚು ತೂಗಾಡುವ ಬಗೆಯದಾದ ಕಾರಣ, ಬಿರುಸಿನ ತಿರುವಿನಲ್ಲಿ ಹೊರಗಾಲಿ ಕಾರಿನಡಿಗೆ ಮಡಚುವ ಸ್ವಭಾವ ಅದಕ್ಕಿದೆ. ಹಿಡಿತ ಹೆಚ್ಚಾದ ಅಗಲ ಟೈರು ಈ ದೋಷವನ್ನು ಹೆಚ್ಚಿಸಬಲ್ಲುದು. ಅಂದಕ್ಕಾಗಿ ಹಾಕುವ ಗಾಲಿಯಿಂದ ಜೀವಕ್ಕೆ ಅಪಾಯ ಬರಬಹುದಾದ ಸ್ಥಳವಿದು.

ಕೊನೆಗೆ ಆದ ತೀರ್ಮಾನ ಹೀಗೆ: ಮದರಾಸಿನ ನಾಲ್ಕು ಗಾಲಿಗಳನ್ನು ತುಕ್ಕು ತೆಗೆಸಿ, ಬಿರುಕು ಇಲ್ಲವೆಂದು ಪರೀಕ್ಷಿಸಿ, 145ರ ಟೈರುಗಳೊಡನೆ ಮತ್ತೆ ಹಾಕುವುದು, ಫಿಯೆಟ್ ಗಾಲಿಯನ್ನು ಎಂದಿಗೂ ಓಡಿಸದಂತೆ ಕೆಂಪು ಬಣ್ಣದಲ್ಲಿ ಗುರುತು ಮಾಡಿ, ಅದರ ಕಥೆಯನ್ನು ಬರೆದು ಕಾರಿನ ಕಾಗದಗಳ ಜೊತೆಯಲ್ಲಿ ಕಾಪಾಡುವುದು. ಸಾಕ್ಷ್ಯವನ್ನು ಉಳಿಸಬೇಕು, ಆದರೆ ಉಳಿಸಿದ್ದನ್ನೆಲ್ಲ ಬಳಸಬೇಕೆಂಬ ನಿಯಮವಿಲ್ಲ.

೬. ಕಾನೂನು ಮತ್ತು ಧರ್ಮ

ತಯಾರಕನು ನಮೂದಿಸಿದ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ಗಾಡಿಯನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣ ವಿಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. 2021ರ ಜುಲೈಯಲ್ಲಿ ಐವತ್ತು ವರ್ಷ ಮೀರಿದ ಗಾಡಿಗಳ ನೋಂದಣಿಗೆ ಪ್ರತ್ಯೇಕ ನಿಯಮಗಳು ಬಂದುವು. ಅವುಗಳ ಪ್ರಕಾರ ಗಾಡಿ ಮೂಲ ಸ್ವರೂಪದಲ್ಲಿರಬೇಕು. ಚೌಕಟ್ಟು, ದೇಹ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಈ ಪಟ್ಟಿಯಲ್ಲಿ ಗಾಲಿಯ ಹೆಸರಿಲ್ಲ. ಆದುದರಿಂದ ಗಾಲಿಯ ವಿಷಯ ಬಹುಮಟ್ಟಿಗೆ ಒಡೆಯನ ವಿವೇಕಕ್ಕೆ ಉಳಿದಿದೆ.

ಆ ವಿವೇಕಕ್ಕೆ ದಾರಿ ತೋರಿಸುವ ಬರಹವೊಂದುಂಟು. ಸ್ಮಾರಕಗಳ ರಕ್ಷಣೆಗೆ 1964ರ ವೆನಿಸ್ ಸನ್ನದು ಹೇಗೋ, ಹಳೆಯ ವಾಹನಗಳಿಗೆ ಅಂತರರಾಷ್ಟ್ರೀಯ ಸಂಸ್ಥೆಯಾದ ಫೀವಾ 2012ರಲ್ಲಿ ಒಪ್ಪಿದ ಟೂರಿನ್ ಸನ್ನದು ಹಾಗೆ. ವಾಹನವು ಕಾರ್ಖಾನೆಯಿಂದ ಹೊರಬಂದ ಕ್ಷಣದ ರೂಪ ಮಾತ್ರವಲ್ಲದೆ, ಅದು ಬಾಳಿದ ಕಾಲದಲ್ಲಿ ಹೊಂದಿದ ಬದಲಾವಣೆಗಳೂ ಅದರ ಚರಿತ್ರೆಯ ಅಂಗವೆಂಬ ಭಾವನೆ ಅದರಲ್ಲಿದೆ. ಇಂದು ಮಾಡುವ ಬದಲಾವಣೆಯಾದರೋ ಗುರುತಿಸಲು ಬರುವಂತಿರಬೇಕು, ಮತ್ತೆ ಹಿಂದಿನಂತೆ ಮಾಡಲು ಸಾಧ್ಯವಾಗಬೇಕು.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ಅಭಾವಕಾಲದ ಹೊಂದಾಣಿಕೆಯನ್ನು ಗೌರವಿಸುವುದಾದರೆ, ಇಂದಿನ ಒಡೆಯನ ಅಲಾಯ್ ಗಾಲಿಯನ್ನೂ ಏಕೆ ಗೌರವಿಸಬಾರದು? ಅದೂ ನಾಳೆ ಚರಿತ್ರೆಯೇ ಅಲ್ಲವೆ? ಈ ಮಾತು ತಳ್ಳಿಹಾಕುವಂಥದಲ್ಲ. ಬದಲಾಯಿಸುವುದನ್ನು ಯಾರೂ ನಿಷೇಧಿಸುತ್ತಿಲ್ಲ. ಹೊಸದನ್ನು ಹಾಕಲು ಹಳೆಯದನ್ನು ನಾಶ ಮಾಡಬಾರದೆಂಬುದಷ್ಟೇ ಇಲ್ಲಿಯ ವಾದ. ಗಾಲಿಗೆ ಜಾಗ ಮಾಡಲು ಮಡ್‌ಗಾರ್ಡನ್ನು ಕತ್ತರಿಸಿದರೆ, ಗುಂಬಕ್ಕೆ ಹೊಸ ತೂತು ಕೊರೆದರೆ, ಹಿಂದಿರುಗುವ ದಾರಿ ಮುಚ್ಚಿಹೋಗುತ್ತದೆ. ಮೂಲದ ಆಫ್‌ಸೆಟ್ಟಿಗೆ ಕೆಲವೇ ಮಿಲಿಮೀಟರುಗಳಷ್ಟು ಹತ್ತಿರವಿರುವ ಗಾಲಿಯನ್ನು ಆರಿಸಿದರೆ ಇವಾವುದರ ಅವಶ್ಯಕತೆಯೂ ಬೀಳುವುದಿಲ್ಲ. ಯಂತ್ರಶಾಸ್ತ್ರದ ದೃಷ್ಟಿಯಿಂದ ಯಾವುದು ಕ್ಷೇಮವೋ, ಇತಿಹಾಸದ ದೃಷ್ಟಿಯಿಂದಲೂ ಅದೇ ಕ್ಷೇಮವಾಗಿರುವುದು ಸಂತೋಷದ ಸಂಗತಿ.

೭. ಉಪಸಂಹಾರ

ಧರ್ಮಸ್ಥಳದಂಥ ಕೆಲವು ಸ್ಥಳಗಳಲ್ಲಿ ಹಳೆಯ ಕಾರುಗಳ ಸಂಗ್ರಹ ನಮ್ಮ ನಾಡಿನಲ್ಲಿ ಈಗಾಗಲೇ ಇದೆ. ಅಲ್ಲಿ ಹೊಳಪಿನ ಬಣ್ಣವನ್ನೂ ತಯಾರಿಕೆಯ ವರ್ಷವನ್ನೂ ನೋಡಿ ತೃಪ್ತರಾಗುವ ವಿದ್ಯಾರ್ಥಿಗಳು ಒಮ್ಮೆ ಬಾಗಿ ಗಾಲಿಯ ನಡುವನ್ನೂ ನೋಡಬೇಕು. ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ಕಾಲೇಜುಗಳಲ್ಲಿ ಓದುವವರಿಗೆ ಕಾಮಾಕ್ಷಿಪಾಳ್ಯ ದೂರವಲ್ಲ. ಅಲ್ಲಿಯ ಹಿರಿಯ ಟರ್ನರುಗಳ ನೆನಪುಗಳನ್ನು ಬರೆದಿಡುವುದು, ಅವರು ಹೊಂದಿಸಿದ ಗಾಲಿ ಗುಂಬಗಳ ಅಳತೆ ತೆಗೆದು ನಕ್ಷೆ ಮಾಡುವುದು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಯೋಗ್ಯವಾದ ಕ್ಷೇತ್ರಕಾರ್ಯ. ಶೆಡ್ಡುಗಳು ಒಂದೊಂದಾಗಿ ಮುಚ್ಚಿ ಅಲ್ಲಿ ವಸತಿ ಕಟ್ಟಡಗಳು ಏಳುತ್ತಿರುವುದರಿಂದ ಈ ಕೆಲಸ ಬೇಗ ನಡೆಯಬೇಕು.

ಆಮದಿನ ನಿರ್ಬಂಧದ ಬಗ್ಗೆ ಸರ್ಕಾರದ ಗೆಜೆಟ್ಟುಗಳಲ್ಲಿ ಓದಬಹುದು. ಆ ನಿರ್ಬಂಧದೊಳಗೆ ಜನ ಹೇಗೆ ಬಾಳಿದರೆಂಬುದನ್ನು ತಿಳಿಯಬೇಕಾದರೆ, ಅರದ ಗೀರುಗಳು ಇನ್ನೂ ಕಾಣುವ ಆ ಫಿಯೆಟ್ ಗಾಲಿಯನ್ನು ಓದಬೇಕು. ಅದು ಈಗ ಕಾಮಾಕ್ಷಿಪಾಳ್ಯದಿಂದ ಒಡೆಯರ ಮನೆಗೆ ಹೋಗಿದೆ, ಗುಜರಿಗಲ್ಲ.